ಗಂಜಿ ಬೇಯುವ ಸ್ಕೀ ರಿಸಾರ್ಟ್

ಉಮೇಶ ನಮ್ಮ ಮನೆಗೆ ಕೊನೆಯ ಸಲ ಬಂದದ್ದು ಒಂದು ಆದಿತ್ಯವಾರ. ಕೊನೆಯ ಸಲ ಎಂದು ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಅದು ಎಲ್ಲ ಆದಿತ್ಯವಾರಗಳ ಹಾಗೆಯೇ ಇತ್ತು. ಅವನು ನನ್ನ ತಮ್ಮ. ಮಂಗಲ್ಪಾಡಿಯಲ್ಲಿ ನಮ್ಮ ಎರಡು ಮನೆಗಳ ನಡುವೆ ಒಂದು ಕಾಂಪೌಂಡು ಗೋಡೆ, ಅಷ್ಟೆ. ಆ ದಿನ ಉಪ್ಪಳದಿಂದ ಬಂಗುಡೆ ತಂದು ಅರ್ಧ ನಮಗೆ ಕೊಟ್ಟ. ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಯಾರೋ ಕಾಲಿಗೆ ಉದ್ದದ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುತ್ತಿದ್ದರು. ಅದಕ್ಕೆ ಸ್ಕೀ ಎನ್ನುವುದಂತೆ.

“ಒಮ್ಮೆ ಎಲ್ಲರೂ ಹೋಗುವ ಅಕ್ಕ,” ಎಂದ.

ಅವನ ಹೆಂಡತಿ ವಿಮಲ ಮೀನು ಕೊಯ್ಯುತ್ತಿದ್ದವಳು ತಲೆ ಎತ್ತಲಿಲ್ಲ. “ಹಿತ್ತಲಿನಲ್ಲಿ ಬೇಕಾದಷ್ಟು ಪಾಚಿ ಉಂಟು. ಜಾರುವುದಾದರೆ ಅಲ್ಲಿಯೇ ಜಾರಿ,” ಎಂದಳು.

ಮರುದಿನ ಬೆಳಿಗ್ಗೆ ಅವನು ಬಾವಿಯ ಹತ್ತಿರ ಕುಸಿದು ಬಿದ್ದ. ಆಸ್ಪತ್ರೆ ತಲುಪುವ ಮೊದಲೇ ಎಲ್ಲ ಮುಗಿದಿತ್ತು. ಅದರ ಬಗ್ಗೆ ಇಷ್ಟೇ ಬರೆಯಲು ನನ್ನಿಂದ ಆಗುವುದು.

ಆಮೇಲೆ ಒಂದೂವರೆ ವರ್ಷ ವಿಮಲ ಗೇಟು ದಾಟಲಿಲ್ಲ. ಮದುವೆಗಿಲ್ಲ, ಪೇಟೆಗಿಲ್ಲ, ಗೋಡೆಯ ಈಚೆಗಿರುವ ನಮ್ಮ ಮನೆಗೂ ಇಲ್ಲ. ಅವಳ ಮಗಳು ಶ್ವೇತಾ ಒಂದು ಸಂಜೆ ನಮ್ಮಲ್ಲಿಗೆ ಬಂದಳು. ಅವಳು ನನ್ನನ್ನು ಕರೆಯುವುದು ಮಾಮಿ ಎಂದು.

“ಮಾಮಿ, ಅಮ್ಮನನ್ನು ಒಮ್ಮೆ ಹೊರಗೆ ಕರೆದುಕೊಂಡು ಹೋಗಬೇಕು. ಹತ್ತಿರದ ಊರು ಬೇಡ. ಹತ್ತಿರ ಎಲ್ಲಿ ಹೋದರೂ ನೆಂಟರು ಇರ್ತಾರೆ, ಅಮ್ಮನನ್ನು ನೋಡಿದ ಕೂಡಲೇ ಅಳ್ಲಿಕ್ಕೆ ಸುರು ಮಾಡ್ತಾರೆ. ನಮ್ಮ ಗುರುತೇ ಇಲ್ಲದ ಊರು ಬೇಕು. ಅಪ್ಪ ಹೇಳಿದ ಆ ಹಿಮದ ಊರಿಗೆ ಹೋಗುವನಾ?”

ಹೋಗುವುದೆಂದು ತೀರ್ಮಾನಿಸಲಾಯಿತು. ಯಾವ ಊರು ಎಂದು ಆರಿಸುವ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡೆ. ಮೂವತ್ತು ವರ್ಷ ಅಂಗನವಾಡಿ ಟೀಚರ್ ಆಗಿದ್ದವಳು ನಾನು. ಊರಿನ ಅರ್ಧ ಜನರ ತೂಕ ನೋಡಿ ರಿಜಿಸ್ಟರಿನಲ್ಲಿ ಬರೆದಿದ್ದೇನೆ. ನನಗೆ ಒಂದು ಸ್ಕೀ ರಿಸಾರ್ಟ್ ಆರಿಸುವುದು ಯಾವ ಮಹಾ ಕೆಲಸ?

ಹೊಸ ನೋಟ್‌ಪುಸ್ತಕದಲ್ಲಿ ಸ್ಕೇಲಿನಿಂದ ಗೆರೆ ಎಳೆದೆ. ಊರಿನ ಹೆಸರು, ಹಿಮದ ಪ್ರಮಾಣ, ಕಲಿಸುವವರ ಸ್ವಭಾವ, ಷರಾ. ನನ್ನ ಗಂಡ, ಅಂದರೆ ಇವರು, ನಿವೃತ್ತ ಬಸ್ ಕಂಡಕ್ಟರ್. ಇವರಿಗೆ ಇದ್ದದ್ದು ಒಂದೇ ಪ್ರಶ್ನೆ: “ಅಲ್ಲಿಗೆ ಲಾಸ್ಟ್ ಬಸ್ಸು ಎಷ್ಟು ಗಂಟೆಗೆ?” ಅದಕ್ಕೂ ಒಂದು ಕಾಲಂ ಹಾಕಿದೆ.

ಪುಸ್ತಕ ಹಿಡಿದುಕೊಂಡು ವಿಮಲನಲ್ಲಿಗೆ ಹೋದೆ. ಅವಳು ಅಡುಗೆಮನೆಯ ಬಾಗಿಲಲ್ಲಿ ಕೂತು ಕೇಳಿಸಿಕೊಂಡಳು.

“ನನಗೆ ಜಾರ್ಲಿಕ್ಕೆ ಬರುವುದಿಲ್ಲ ಅಕ್ಕ.”

“ನಮಗೆ ಯಾರಿಗೆ ಬರ್ತದೆ? ಕಲಿಸ್ತಾರೆ.”

“ನನಗೆ ಚಳಿ ಆಗಿ ಬರುವುದಿಲ್ಲ.”

“ಸ್ವೆಟರ್ ಉಂಟು.”

ವಿಮಲ ಒಳಗಿನ ಒಲೆಯ ಕಡೆ ತಿರುಗಿ ನೋಡಿದಳು. “ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ ಇಲ್ಲದೆ ನನಗೆ ಆಗುವುದಿಲ್ಲ. ಅಲ್ಲಿ ಸಿಗ್ತದಾ? ಸಿಗುವುದಾದರೆ ಬರ್ತೇನೆ,” ಎಂದು ಎದ್ದು ಒಳಗೆ ಹೋದಳು.

ಬುದ್ಧಿ ಇದ್ದವರಿಗೆ ಅದು ‘ಬರುವುದಿಲ್ಲ’ ಎಂದು ಅರ್ಥವಾಗುತ್ತಿತ್ತು. ನಾನು ನೋಟ್‌ಪುಸ್ತಕ ತೆರೆದು ಹೊಸ ಕಾಲಂ ಬರೆದೆ: ಗಂಜಿ.

ಅಂದಿನಿಂದ ಉಳಿದ ಕಾಲಂಗಳೆಲ್ಲ ಖಾಲಿಯೇ ಉಳಿದವು. ನನಗೆ ಗೊತ್ತಿದ್ದ ಅಂಗನವಾಡಿ ಹಿಂದಿಯಲ್ಲಿ ಉತ್ತರ ಭಾರತಕ್ಕೆ ಫೋನ್ ಮಾಡತೊಡಗಿದೆ. ಕಾಶ್ಮೀರದ ಒಂದು ಹೋಟೆಲಿನವರು ತಮ್ಮಲ್ಲಿರುವ ಹಿಮವನ್ನು ಹದಿನೈದು ನಿಮಿಷ ವರ್ಣಿಸಿದರು. “ಅದಿರಲಿ, ನಿಮ್ಮ ಅಡುಗೆಮನೆಗೆ ನನ್ನನ್ನು ಬಿಡ್ತೀರಾ?” ಎಂದು ಕೇಳಿದೆ. ಲೈನ್ ಕಟ್ಟಾಯಿತು. ಉತ್ತರಾಖಂಡದವರು ಕಲಿಸುವ ಮಾಸ್ತರರು ಮಿಲಿಟರಿಯಲ್ಲಿದ್ದವರು ಎಂದರು. ಮಾಸ್ತರರಿಗೆ ಗಂಜಿ ಮಾಡಲು ಬರುತ್ತದೆಯೇ ಎಂದು ವಿಚಾರಿಸಿದೆ. ಅವರು ಮತ್ತೆ ಫೋನ್ ಎತ್ತಲಿಲ್ಲ. ಕೊನೆಗೆ ಹಿಮಾಚಲದ ಒಂದು ಎತ್ತರದ ಊರಿನಲ್ಲಿ, ಮನೆಯಲ್ಲಿಯೇ ಅತಿಥಿಗಳನ್ನು ಇರಿಸಿಕೊಳ್ಳುವ ಒಬ್ಬ ಅಮ್ಮ ಸಿಕ್ಕಿದರು. ಒಲೆ ಕೊಡುತ್ತೀರಾ? ಕೊಡುತ್ತೇವೆ. ನೀರು? ಉಂಟು. ಕಟ್ಟಿಗೆ? ಬೇಕಾದಷ್ಟು.

“ಇದೇ,” ಎಂದೆ.

“ಅಲ್ಲಿ ಸ್ಕೀ ಮಾಡುವ ಜಾಗ ಉಂಟಾ ಮಾಮಿ?” ಎಂದು ಶ್ವೇತಾ ಕೇಳಿದಳು.

ಅದನ್ನು ಕೇಳಲು ಮರೆತಿದ್ದೆ. ಮತ್ತೆ ಫೋನ್ ಮಾಡಿದಾಗ ಮನೆಯ ಹಿಂದೆಯೇ ಇಳಿಜಾರು ಇರುವುದು ಗೊತ್ತಾಯಿತು. ಇದು ನನ್ನ ಪುಣ್ಯ, ನನ್ನ ಜಾಣತನ ಅಲ್ಲ.

ವಿಮಲನಿಗೆ ಹೋಗಿ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. ಕೊಟ್ಟ ಮಾತನ್ನು ತಪ್ಪುವವಳಲ್ಲ. “ನಿಮ್ಮ ಹತ್ತಿರ ಗೆಲ್ಲಲಿಕ್ಕೆ ಸಾಧ್ಯ ಇಲ್ಲ ಅಕ್ಕ,” ಎಂದು ಪೆಟ್ಟಿಗೆ ಕೆಳಗಿಳಿಸಿದಳು.

ಮುಂದಿನದು ತಯಾರಿ. ಸ್ಕೀಯಿಂಗಿನಲ್ಲಿ ಉಳಿದವರಿಗಿಂತ ಒಂದು ಪಾಠ ಮುಂದೆ ಇರಬೇಕೆಂದು ನಾನು ಎರಡು ತೆಂಗಿನ ಮಡಲಿನ ಬುಡಗಳನ್ನು ಕಾಲಿಗೆ ಕಟ್ಟಿಕೊಂಡು ಅಂಗಳದಲ್ಲಿ ಅಭ್ಯಾಸ ಮಾಡಿದೆ. ಮೀನು ಮಾರುವ ಅಬ್ಬಾಸ್ ಬೈಕು ನಿಲ್ಲಿಸಿ ನೋಡಿದ. “ಟೀಚರಿಗೆ ಎಂತ ಆಯ್ತು ಅಣ್ಣ?” ಎಂದು ಇವರನ್ನು ಮೆಲ್ಲಗೆ ಕೇಳಿದ. “ಹಿಮಾಲಯಕ್ಕೆ ಹೋಗ್ಲಿಕ್ಕುಂಟು,” ಎಂದರು ಇವರು. “ಸನ್ಯಾಸಕ್ಕಾ?” ಎಂದ ಅವನು.

ಐದು ಕಿಲೋ ಕುಚ್ಚಲಕ್ಕಿ, ಮಾವಿನ ಮಿಡಿ ಉಪ್ಪಿನಕಾಯಿ, ಗಂಜಿಯ ಪಾತ್ರೆ ಕಟ್ಟಿದೆ. ಶ್ವೇತಾ ಕುಕ್ಕರ್ ತಂದು ಇಟ್ಟಳು. ನಾನು ಅದನ್ನು ಹಿಂದೆ ಕೊಟ್ಟೆ. “ಕುಕ್ಕರಿನಲ್ಲಿ ಮಾಡಿದ ಗಂಜಿಯನ್ನು ನಮ್ಮ ಮನೆಯಲ್ಲಿ ಯಾರು ಕುಡಿದದ್ದುಂಟು?” ಈ ಒಂದು ವಾಕ್ಯವನ್ನು ಓದುಗರು ನೆನಪಿಟ್ಟುಕೊಳ್ಳಬೇಕಾಗಿ ವಿನಂತಿ.

ರೈಲು, ಬಸ್ಸು, ಮತ್ತೆ ಬಸ್ಸು, ಕೊನೆಗೆ ಜೀಪು. ವಿಮಲ ದಾರಿಯುದ್ದಕ್ಕೂ ಕಿಟಕಿಯ ಹತ್ತಿರವೇ ಕೂತಿದ್ದಳು. ನಾವು ತಲುಪಿದಾಗ ಸಂಜೆಯಾಗಿತ್ತು. ಎಲ್ಲರಿಗೂ ಸುಸ್ತು. ಮನೆಯ ಅಮ್ಮ ಕೊಟ್ಟ ಸೂಪು ಕುಡಿದು ಮಲಗಿದೆವು.

ಬೆಳಿಗ್ಗೆ ಏಳು ಗಂಟೆಗೆ ಎದ್ದು ಅಕ್ಕಿ ತೊಳೆದು ಒಲೆಯ ಮೇಲಿಟ್ಟೆ. ಹತ್ತು ಗಂಟೆಗೆ ಸ್ಕೀ ಕ್ಲಾಸು. ನಾಲ್ಕು ಜನರ ಹೆಸರು ಕೊಟ್ಟಿದ್ದೆ, ವಿಮಲನದ್ದು ಅವಳನ್ನು ಕೇಳದೆ. ಒಬ್ಬರಿಗೆ ಕಲಿಯುವ ಮನಸ್ಸಿಲ್ಲ ಎಂದು ಮಾಸ್ತರನಿಗೆ ಮೊದಲೇ ಹೇಳಿಯೂ ಇದ್ದೆ.

ಎಂಟು ಗಂಟೆಗೆ ನೀರು ಕೊತಕೊತ ಕುದಿಯುತ್ತಿತ್ತು. ಅಕ್ಕಿ ಜಲ್ಲಿಯ ಹಾಗೆ ತಳದಲ್ಲಿ ಸದ್ದು ಮಾಡುತ್ತಿತ್ತು. ಒಂಬತ್ತು ಗಂಟೆಗೆ ಒಂದು ಅಗುಳು ತೆಗೆದು ಹಿಚುಕಿದೆ. ಬೆರಳು ಬೆಂದಿತು. ಅಗುಳು ಬೇಯಲಿಲ್ಲ.

ಮನೆಯ ಅಮ್ಮ ಬಂದು ಪಾತ್ರೆಯಲ್ಲಿ ಇಣುಕಿದರು. “ಇಷ್ಟು ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಅದಕ್ಕೆ ಬಿಸಿ ಸಾಲದು. ಹೀಗೆ ಅಕ್ಕಿ ಬೇಯುವುದಿಲ್ಲ. ನನ್ನ ಕುಕ್ಕರ್ ಕೊಡ್ತೇನೆ,” ಎಂದರು.

ನಾನು ಊರಿನ ಮಾನ ಉಳಿಸಬೇಕಲ್ಲ. “ಬೇಡ. ನಮ್ಮ ಗಂಜಿ ಪಾತ್ರೆಯಲ್ಲಿಯೇ ಆಗಬೇಕು,” ಎಂದೆ.

“ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳಲ್ಲವಾ ನೀನು?” ಎಂದರು ಇವರು.

“ನಾನು ಹೇಳಿಕೊಟ್ಟದ್ದು ಕಾಗೆ, ಗುಬ್ಬಿ.”

ಹತ್ತು ಗಂಟೆಗೆ ಶ್ವೇತಾ ಮತ್ತು ಇವರು ಹೊರಟರು. ನಾನು ಹೋಗುವ ಹಾಗಿರಲಿಲ್ಲ. ವಿಮಲನಿಗೆ ಮಾತು ಕೊಟ್ಟದ್ದು ನಾನು. ಅವಳು ಒಲೆಯ ಪಕ್ಕದಲ್ಲಿ ಕಂಬಳಿ ಹೊದ್ದು ಕೂತಿದ್ದಳು. ಊರಿನ ಅಡುಗೆಮನೆಯಲ್ಲಿ ಕೂರುವ ಹಾಗೆಯೇ. ಎರಡು ಸಾವಿರ ಮೈಲಿ ಕರೆದುಕೊಂಡು ಬಂದು ಅವಳನ್ನು ನಾನು ಮತ್ತೊಂದು ಅಡುಗೆಮನೆಯಲ್ಲಿ ಕೂರಿಸಿದ್ದೆ. ಹೊಗೆಯಿಂದ ಕಣ್ಣಲ್ಲಿ ನೀರು ಬಂತು. ಹೊಗೆಯಿಂದಲೇ ಎಂದು ಇಟ್ಟುಕೊಳ್ಳುವ.

ಹತ್ತೂವರೆ. ಒಲೆ ಊದಿದೆ. ಹನ್ನೊಂದು. ಮತ್ತೆ ಊದಿದೆ. ಮನೆಯ ಅಮ್ಮ ಕಟ್ಟಿಗೆಯ ರಾಶಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು.

ವಿಮಲ ಎದ್ದು ಬಂದು ಸೌಟಿನಿಂದ ಪಾತ್ರೆಯನ್ನು ಕಲಕಿದಳು. ಕರಕರ ಸದ್ದು. ಅವಳು ಸದ್ದು ಕೇಳಿ ನನ್ನ ಮುಖ ನೋಡಿದಳು. ಅವಳ ತುಟಿ ಒಂದು ಕಡೆ ಓರೆಯಾಯಿತು.

“ಅಕ್ಕ, ಇದು ಬೇಯುವ ಕೇಸಲ್ಲ,” ಎಂದಳು. “ನೀವು ಮರ್ಯಾದೆಯಲ್ಲಿ ಆ ಕುಕ್ಕರ್ ತಗೊಳ್ಳಿ. ಅಷ್ಟರಲ್ಲಿ ನಾನು ಸ್ವಲ್ಪ ಹೊರಗೆ ಹೋಗಿ ಬರ್ತೇನೆ.”

ಒಂದೂವರೆ ವರ್ಷದಲ್ಲಿ ಅವಳು ತಾನಾಗಿ ಹೊರಗೆ ಹೋಗುತ್ತೇನೆ ಎಂದದ್ದು ಅದೇ ಮೊದಲು. ನಾನು ತಿರುಗಿ ನೋಡಲಿಲ್ಲ. ನೋಡಿದರೆ ಮನಸ್ಸು ಬದಲಾದೀತು ಎಂದು ಹೆದರಿ, ಬೇಯದ ಅಕ್ಕಿಯನ್ನು ಬಹಳ ಮುಖ್ಯ ಕೆಲಸ ಎಂಬಂತೆ ಕಲಕುತ್ತಿದ್ದೆ. ಬಾಗಿಲು ಮುಚ್ಚಿದ ಸದ್ದು ಕೇಳಿತು. ಹೋಗಿ ಕುಕ್ಕರ್ ಕೇಳಿದೆ. ಅದರಲ್ಲಿ ರಾಜ್ಮಾ ಬೇಯುತ್ತಿತ್ತು. ಕಾಯಬೇಕಂತೆ.

ಹನ್ನೆರಡು ಗಂಟೆಗೆ ಇವರು ಏದುಸಿರು ಬಿಡುತ್ತಾ ಬಂದರು. “ಬಾ. ಬೇಗ ಬಾ.”

“ಯಾರು ಬಿದ್ದದ್ದು?”

“ನಾನು ಏಳು ಸಲ. ಅದು ಬಿಡು, ಬಾ.”

ಸೌಟು ಕೈಯಲ್ಲಿಯೇ ಇತ್ತು. ಹಾಗೆಯೇ ಓಡಿದೆ. ಮನೆಯ ಹಿಂದೆ ಇಳಿಜಾರಿನ ಮೇಲೆ ವಿಮಲ ನಿಂತಿದ್ದಳು. ಬಾಡಿಗೆಯ ಕೆಂಪು ಕೋಟು, ಕಾಲಿಗೆ ಹಲಗೆಗಳು, ಮೊಣಕಾಲು ಸ್ವಲ್ಪ ಬಗ್ಗಿಸಿ, ಮೀನು ಕೊಯ್ಯುವಾಗಿನ ಅದೇ ಗಂಭೀರ ಮುಖ. ಮಾಸ್ತರ ಏನೋ ಹೇಳುತ್ತಿದ್ದ. ಅವಳು ಕೇಳುವ ಹಾಗೆ ಕಾಣಲಿಲ್ಲ.

“ರೈಟ್, ಪೋಯಿ!” ಎಂದು ಇವರು ಕೂಗಿದರು. ಬಸ್ಸು ಹೊರಡಿಸುವಾಗ ಹೇಳುವ ಹಾಗೆಯೇ.

ವಿಮಲ ಹೊರಟಳು. ಮೊದಲು ನಿಧಾನ, ಆಮೇಲೆ ನಿಧಾನ ಅಲ್ಲ. ಹೋಗುತ್ತಾ ಹೋಗುತ್ತಾ ಕೆಳಗೆ, ಬೇಲಿಯ ಹತ್ತಿರ, ಹಲಗೆಗಳ ತುದಿಯನ್ನು ಒಳಕ್ಕೆ ತಿರುಗಿಸಿ ನಿಂತಳು. ಬೀಳಲಿಲ್ಲ. ಶ್ವೇತಾ ಬಾಯಿಗೆ ಕೈ ಇಟ್ಟುಕೊಂಡು ನಿಂತಿದ್ದಳು.

“ಅವರದ್ದು ಇದು ನಾಲ್ಕನೇ ಸಲ,” ಎಂದ ಮಾಸ್ತರ. “ನಿಮ್ಮ ಗುಂಪಿನಲ್ಲಿ ಕಲಿಯಲು ಮನಸ್ಸಿಲ್ಲದವರು ಒಬ್ಬರಿದ್ದಾರೆ ಎಂದಿದ್ದಿರಲ್ಲ, ಯಾರು?”

ನಾನು ವಿಮಲನ ಕಡೆಗೆ ಓಡಿದೆ. ಓಡಿದ್ದು ಮೂರು ಹೆಜ್ಜೆ. ಉಳಿದ ದೂರವನ್ನು ಕುಳಿತೇ ಕ್ರಮಿಸಿದೆ. ಹಲಗೆ ಇಲ್ಲ, ಪಾಠ ಇಲ್ಲ, ಸೌಟನ್ನು ಮೇಲೆತ್ತಿ ಹಿಡಿದು, ಇಡೀ ಇಳಿಜಾರನ್ನು ವಿಮಲನಿಗಿಂತ ಕಡಿಮೆ ಸಮಯದಲ್ಲಿ ಮುಗಿಸಿದೆ. ತೆಂಗಿನ ಮಡಲಿನ ತರಬೇತಿ ಯಾವ ರೀತಿಯಲ್ಲೂ ಉಪಯೋಗಕ್ಕೆ ಬರಲಿಲ್ಲ. ಬೇಲಿಯ ಪಕ್ಕದ ಹಿಮದ ರಾಶಿಯಲ್ಲಿ ನಿಂತಾಗ ಸೊಂಟದವರೆಗೆ ಹುಗಿದುಹೋಗಿದ್ದೆ.

ವಿಮಲ ಬಗ್ಗಿ ನೋಡಿದಳು. ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಕೋಲು ಊರಿಕೊಂಡು, ಅಂಥ ನಗು. ನಿಲ್ಲಿಸಲು ಆಗದೆ ಕೊನೆಗೆ ಅವಳೂ ಬಿದ್ದಳು. ಆ ದಿನ ಅವಳು ಬಿದ್ದದ್ದು ಅದೊಂದೇ ಸಲ.

“ಗಂಜಿ ಆಯ್ತಾ ಅಕ್ಕ?” ಎಂದು ಬಿದ್ದಲ್ಲಿಂದಲೇ ಕೇಳಿದಳು.

ಗಂಜಿ ಆದದ್ದು ಮಧ್ಯಾಹ್ನ ಮೂರೂವರೆಗೆ. ಕುಕ್ಕರಿನಲ್ಲಿ, ಲೆಕ್ಕವಿಲ್ಲದಷ್ಟು ಸೀಟಿ ಹೊಡೆಸಿ. ಅಷ್ಟರಲ್ಲಿ ಎಲ್ಲರೂ ರಾಜ್ಮಾ ಅನ್ನ ಉಂಡಿದ್ದರು. ಗಂಜಿ ಇಲ್ಲದೆ ಆಗದ ವಿಮಲ ಎರಡನೇ ಸಲ ಬಡಿಸಿಕೊಂಡಿದ್ದಳು. ನಾಲ್ಕು ಜನರ ಗಂಜಿಯನ್ನು ನಾನೊಬ್ಬಳೇ ಕುಡಿದೆ. ಕುಕ್ಕರಿನ ಗಂಜಿ ಚೆನ್ನಾಗಿರುತ್ತದೆ. ಇದನ್ನು ಇಲ್ಲಿ ಬರೆಯುತ್ತಿದ್ದೇನೆ, ಬಾಯಿಬಿಟ್ಟು ಯಾರಿಗೂ ಹೇಳಿಲ್ಲ.

ಉಳಿದ ಮೂರು ದಿನ ವಿಮಲ ಸ್ಕೀ ಮಾಡಿದಳು. ನಾನು ಸೊಂಟಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡು ಕಿಟಕಿಯಿಂದ ನೋಡಿದೆ. ಗುಂಪಿನಲ್ಲಿ ಸ್ಕೀ ಮಾಡದೆ ಹಿಂದೆ ಬಂದವಳು ಒಬ್ಬಳೇ. ಅದು ರಿಸಾರ್ಟ್ ಆರಿಸಿದವಳು.

ಈಗ ವಿಮಲ ಉಪ್ಪಳಕ್ಕೆ ಹೋಗುತ್ತಾಳೆ. ಕುಂಬಳೆಗೆ ಮದುವೆಗೂ ಹೋಗಿ ಬಂದಳು. ಅಲ್ಲಿ ನೆಂಟರು ಅಳಲು ಶುರು ಮಾಡುವ ಮೊದಲೇ ನಾನು ಜಾರಿದ ಕಥೆಯನ್ನು ಅಭಿನಯದೊಂದಿಗೆ ಹೇಳಿದಳಂತೆ. ಊಟದ ಪಂಕ್ತಿಯಲ್ಲಿ ಜನ ನನ್ನ ಸೊಂಟದ ಆರೋಗ್ಯ ವಿಚಾರಿಸಿ ನಗುತ್ತಾರೆ. ನಗಲಿ. ಗೆದ್ದದ್ದು ನಾವು.

ಗೋಡೆಯ ಈಚೆಯಿಂದ ನನಗೆ ಎಲ್ಲ ಕೇಳುತ್ತದೆ. ವಿಮಲ ಗೇಟು ತೆರೆಯುವುದು, ಚಪ್ಪಲಿ ಕಳಚುವುದು, ಬೀಗ ತೆಗೆಯುವುದು. ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದಿ ಎಂದು ಒಳಗಿನಿಂದ ಕೇಳುವವನು ಇಲ್ಲ.