ಕಾಲೆತ್ತಿ ಕಾಯಿಲೆ ಹೇಳುವ ಭಾವ

ಸೊಂಟ ನೋವೆಂದು ಯಾರ ಎದುರು ಬೇಕಾದರೂ ಹೇಳಿ, ನಮ್ಮ ಭಾವನ ಎದುರು ಮಾತ್ರ ಹೇಳಬೇಡಿ. ಹೇಳಿದಿರೋ, ಮರುಕ್ಷಣ ನೀವು ಚಾಪೆಯ ಮೇಲೆ ಅಂಗಾತ, ನಿಮ್ಮ ಕಾಲು ಸೂರಿನ ಕಡೆಗೆ!

ಭಾವ ಎಂದರೆ ನನ್ನ ಯಜಮಾನರ ಅಣ್ಣ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಮನೆ. ಕಾರ್ಖಾನೆಯಲ್ಲಿ ಕಬ್ಬಿಣದ ಸರಳು ಬಗ್ಗಿಸಿ ನೋಡಿ ಪಾಸೋ ಫೇಲೋ ಹೇಳುತ್ತಿದ್ದವರು. ನಿವೃತ್ತರಾದ ಮೇಲೆ ಅವರಿಗೇ ಸಯಾಟಿಕಾ, ಅಂದರೆ ಸೊಂಟದಿಂದ ಕಾಲಿಗಿಳಿಯುವ ನರದ ನೋವು, ಬಂತು. ಶಿವಮೊಗ್ಗದ ಡಾಕ್ಟರು ಮಲಗಿಸಿ, ಮಂಡಿ ಮಡಿಸದೆ ಕಾಲೆತ್ತಿ, ನೋವು ಪಾದದವರೆಗೆ ಹರಿದದ್ದು ನೋಡಿ ಕಾಯಿಲೆಯ ಹೆಸರು ಹೇಳಿದರು. ನೋವು ಹೋಯಿತು, ವಿದ್ಯೆ ಉಳಿಯಿತು!

ಗಾಂಧಿ ಬಜಾರಿನ ಬಟ್ಟೆ ಅಂಗಡಿಯವರನ್ನು ಅವರದೇ ಬಿಳಿ ಹಾಸಿನ ಮೇಲೆ, ಸೀರೆಗಳ ನಡುವೆ ಮಲಗಿಸಿಬಿಟ್ಟರು. "ಅಯ್ಯಪ್ಪಾ!" ಎಂದರು ಅವರು. "ಸಯಾಟಿಕಾ. ಫೇಲು," ಎಂದರು ಭಾವ. ಪಾಪ, ದಿನವಿಡೀ ಕೂತು ಅವರ ತೊಡೆಯ ಹಿಂಭಾಗ ಬಿಗಿದಿತ್ತು, ಅಷ್ಟೇ.

ಡಾಕ್ಟರು ತಿಳಿಸಿ ಹೇಳದೆ ಇರಲಿಲ್ಲ. "ಸಾರ್, ಕಾಲೆತ್ತಿದಾಗ ನೋವಾದೋರಿಗೆಲ್ಲ ಸಯಾಟಿಕಾ ಅಲ್ಲ. ಚೆನ್ನಾಗಿರೋ ಕಾಲೆತ್ತಿದಾಗ ಇನ್ನೊಂದು ಕಾಲಲ್ಲಿ ನೋವು ಹೊಡೆದ್ರೆ ಆಗ ಅನುಮಾನ ಗಟ್ಟಿ. ಆದ್ರೆ ಅದು ಎಲ್ಲರಲ್ಲೂ ಕಾಣಲ್ಲ."

"ನನ್ನ ಟೆಸ್ಟು ಸುಳ್ಳಾಗಲ್ಲ ಸಾರ್. ಸರಳೇ ನಂಗೆ ಸುಳ್ಳು ಹೇಳಿಲ್ಲ, ಕಾಲು ಹೇಳುತ್ತಾ?"

ಹೆಂಗಸರ ಕಾಲನ್ನು ಮಾತ್ರ ಭಾವ ಮುಟ್ಟುವುದಿಲ್ಲ. ಗೋಡೆಗೆ ಮುಖ ಮಾಡಿ ನಿಂತು ಅಪ್ಪಣೆ ಕೊಡುತ್ತಾರೆ. ಎತ್ತುವುದು ಅವರ ಹೆಂಡತಿ, ಅಂದರೆ ನಮ್ಮ ಅಕ್ಕನ ಕೆಲಸ. ಮೊನ್ನೆ ನನ್ನ ಸರದಿ ಬಂತು. ಕಾನ್ವೆಂಟಿನ ಸಿಸ್ಟರುಗಳು ಕಾಲು ಜೋಡಿಸಿ ಕೂರುವುದನ್ನು ಕಲಿಸಿದ್ದರೇ ಹೊರತು ಇದನ್ನಲ್ಲ!

"ಮಂಡಿ ಮಡಿಸ್ಬೇಡಮ್ಮ," ಎಂದರು ಭಾವ, ಗೋಡೆಗೆ.

"ಇಲ್ಲ ಭಾವ."

"ಎಲ್ಲಿವರೆಗೆ ಎತ್ತಿದೀಯೇ?"

"ಕ್ಯಾಲೆಂಡರ್‌ವರೆಗೆ ಕಣ್ರೀ," ಎಂದರು ಅಕ್ಕ.

"ಪಾಸು!"

ನನ್ನ ಕಾಲು ಇಳಿಸುವಾಗ ಅಕ್ಕ ತುಟಿ ಕಚ್ಚಿದ್ದು ಗೋಡೆ ನೋಡುತ್ತಿದ್ದವರಿಗೆ ಹೇಗೆ ಕಾಣಬೇಕು? ನನಗೆ ಕಂಡಿತು. ಬಾಗಿಲಲ್ಲಿದ್ದ ಅಕ್ಕನ ಬಲ ಚಪ್ಪಲಿ ಸವೆದು, ಭಾರವೇ ಬೀಳದ ಎಡದ್ದು ಹೊಸದರಂತೆ ಇದ್ದದ್ದೂ ನೆನಪಾಯಿತು.

"ಭಾವ, ಅಕ್ಕನ ಕಾಲೆತ್ತಿ ನೋಡೋರು ಯಾರು?"

"ಸುಮ್ನಿರು ಮಾರಾಯ್ತಿ!" ಅಕ್ಕ ಗದರಿದರು. "ಇವರು ಫೇಲು ಅಂತಾರೆ, ಆಮೇಲೆ ಡಾಕ್ಟರು ಆಪರೇಷನ್ ಅಂತಾರೆ. ನನ್ನ ಕೈಲಾಗಲ್ಲ."

ಭಾವ ಗೋಡೆಯಿಂದ ತಿರುಗಿದರು. ಅಕ್ಕನನ್ನು ಮಲಗಿಸಿ, ಡಾಕ್ಟರು ಹೇಳಿದ್ದ ಹಾಗೆ ಚೆನ್ನಾಗಿದ್ದ ಬಲಗಾಲನ್ನು ಎತ್ತಿದರು. ಅಕ್ಕ "ಅಮ್ಮಾ!" ಎಂದು ಎಡಗಾಲನ್ನು ಹಿಡಿದುಕೊಂಡರು. ಎತ್ತಿದ ಕಾಲನ್ನು ಭಾವ ಗಾಜಿನ ಲೋಟ ಇಡುವ ಹಾಗೆ ಮೆಲ್ಲಗೆ ಚಾಪೆಯ ಮೇಲೆ ಇಟ್ಟರು.

ಮರುದಿನ ಶಿವಮೊಗ್ಗದಲ್ಲಿ ಡಾಕ್ಟರು ಅಕ್ಕನ ಎರಡೂ ಪಾದ ಒತ್ತಿ, ತಟ್ಟಿ ನೋಡಿದರು. "ಸಯಾಟಿಕಾನೇ ಅನ್ಸುತ್ತೆ. ಆದ್ರೆ ಪಾದದಲ್ಲಿ ಬಲ ಚೆನ್ನಾಗಿದೆ. ಈಗ ಆಪರೇಷನ್ ಮಾತೇ ಇಲ್ಲ."

ಅಕ್ಕನ ಮುಖ ಅರಳಿತು. ಭಾವನಿಗೆ ಮೊದಲ ಮಾತಷ್ಟೇ ಕೇಳಿಸಿತ್ತು.

"ಸಾರ್, ಈ ಟೆಸ್ಟು ಸುಳ್ಳಾಗೋದೂ ಉಂಟಲ್ವಾ?"

"ನಿಮ್ಮ ಟೆಸ್ಟು ಸುಳ್ಳಾಗಲ್ಲ ಅಂತಿದ್ರಿ?"

"ಅದು ಊರೋರ ಕಾಲು ಸಾರ್," ಎಂದರು ಭಾವ. "ಇದು ಇವಳದ್ದು."