ಸುಮ್ಮನೆ ಕೂತದ್ದಕ್ಕೆ ಓಣಿಯ ಮಗ್ಗ ನಿಂತವು

ಸುಮ್ಮನೆ ಕೂರುವುದು ಸುಲಭವೆಂದು ಯಾರಾದರೂ ಹೇಳಿದರೆ, ಅವರು ಬನಹಟ್ಟಿಯವರಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ನಮ್ಮೂರಲ್ಲಿ ಕುಡಿದು ಬಿದ್ದವನಿಗೂ ಕ್ಷಮೆಯುಂಟು, ಎಲೆಯಡಿಕೆ ಹಾಕಿಕೊಂಡು ಊರ ಉಸಾಬರಿ ಮಾಡುವವನಿಗಂತೂ ಮರ್ಯಾದೆಯೇ ಉಂಟು. ಆದರೆ ಏನೂ ಮಾಡದೆ, ಯಾರನ್ನೂ ಮಾತಾಡಿಸದೆ, ಮೊಬೈಲನ್ನೂ ಒತ್ತದೆ ಕೂತವನಿಗೆ ಏನೋ ಆಗಿರಲೇಬೇಕು! ನಮ್ಮ ಓಣಿಯಲ್ಲಿ ಮಗ್ಗವಿಲ್ಲದ ಮನೆಯಿಲ್ಲ. ಖಟಕ್ ಖಟಕ್ ಸದ್ದಿನಲ್ಲೇ ತೊಟ್ಟಿಲಾಡಿದವರು ನಾವು. ಸದ್ದಿದ್ದರೆ ನಿದ್ದೆ, ನಿಂತರೆ ಎಚ್ಚರ. ಕರೆಂಟು ಹೋದಾಗ ಬಿಟ್ಟರೆ, ಎಲ್ಲ ಮಗ್ಗಗಳೂ ಒಟ್ಟಿಗೆ ನಿಲ್ಲುವುದು ಓಣಿಯಲ್ಲಿ ಯಾರಾದರೂ ತೀರಿಕೊಂಡಾಗ ಮಾತ್ರ. ಮಣ್ಣು ಮಾಡಿ ಬರುವ ತನಕ ಯಾರೂ ಮಗ್ಗ ಮುಟ್ಟುವುದಿಲ್ಲ.

ಹೀಗಿರುವಾಗ ನನಗೆ ಬಿ.ಪಿ. ಏರಿತು. ಜಮಖಂಡಿಯ ಡಾಕ್ಟರು ತೋಳಿನ ಪಟ್ಟಿ ಬಿಚ್ಚುತ್ತ, “ಹಿಂಗ ಓಡ್ಯಾಡಿದ್ರ ಒಂದಿನ ಮಗ್ಗದ ಮುಂದನ ಬೀಳ್ತೀರಿ ನೋಡ್ರಿ. ದಿನಾ ಮುಂಜಾನೆ ಕಣ್ಣ ಮುಚ್ಚಿ ಸುಮ್ಮ ಕುಂಡ್ರರಿ. ಯಾರ ಮಾತಾಡಿಸಿದ್ರೂ ಮಾತಾಡಬ್ಯಾಡ್ರಿ. ಉದ್ದಕ ಉಸರ ಬಿಡ್ರಿ, ಅಷ್ಟ” ಎಂದರು. ಮನೆಗೆ ಬಂದು ಹೆಂಡತಿ ಸಾವಿತ್ರಿಗೆ ಹೇಳಿದರೆ ಅವಳು, “ಸುಮ್ಮ ಕುಂತ್ರ ಬಿ.ಪಿ. ಇಳಿಯೂದಿದ್ರ ನಿಮಗ ಅದು ಬರಬಾರದಿತ್ತಲ್ರಿ!” ಎಂದಳು. ಗಂಡಂದಿರ ಮರ್ಯಾದೆ ಕಾಪಾಡುವ ಔಷಧ ಇನ್ನೂ ಯಾವ ಡಾಕ್ಟರಿಗೂ ಸಿಕ್ಕಿಲ್ಲ.

ಮರುದಿನ ಬೆಳಿಗ್ಗೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮನೆ ಮುಂದಿನ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತೆ. ಅಪ್ಪ ಒಳಗೆ ಮಲಗಿದ್ದ. ಜೀವನವಿಡೀ ಮಗ್ಗ ಹೊಡೆದು ಕಿವಿ ಮಂದವಾದವನು, ಈಚೆಗೆ ಜ್ವರ ಬಂದು ಎದ್ದಿದ್ದ. ಎದುರುಮನೆಯ ಗಂಗವ್ವ ನೀರಿನ ಕೊಡ ಹಿಡಿದು ಹೊರಟವಳು ನಿಂತಳು. “ಯಾಕೋ ತಮ್ಮಾ, ಹಿಂಗ್ಯಾಕ ಕುಂತಿ? ಅಪ್ಪಾರು ಹ್ಯಾಂಗದಾರು?” ನಾನು ಡಾಕ್ಟರ ಮಾತಿನಂತೆ ಬಾಯಿ ಬಿಡಲಿಲ್ಲ, ಕಣ್ಣು ಮುಚ್ಚಿಯೇ ಉದ್ದಕ್ಕೆ ಉಸಿರು ಬಿಟ್ಟೆ. “ಅಯ್ಯ ಶಿವನ!” ಎಂದಳು ಗಂಗವ್ವ. ಕೊಡ ಇಟ್ಟ ಸದ್ದಾಯಿತು. ಅವಳೂ ಉಸಿರು ಬಿಡಲು ಹೋದಳೆಂದುಕೊಂಡೆ.

ಸ್ವಲ್ಪ ಹೊತ್ತಿಗೆ ಎದುರುಮನೆಯ ಮಗ್ಗ ನಿಂತಿತು. ಆಮೇಲೆ ಪಕ್ಕದ್ದು, ಅದರಾಚೆಯದು, ಕೊನೆಗೆ ಓಣಿಯ ತುದಿಯದೂ. ಕರೆಂಟು ಹೋಯಿತು, ನನ್ನ ಪುಣ್ಯ ಎಂದುಕೊಂಡೆ. ಎಂಥ ನಿಶ್ಶಬ್ದ ಅದು! ಅಡುಗೆಮನೆಯಲ್ಲಿ ಸಾವಿತ್ರಿ ರೊಟ್ಟಿ ಬಡಿಯುವಾಗ ಅವಳ ಬಳೆ ಸದ್ದು ಮಾಡುತ್ತವೆಂದು ಮದುವೆಯಾಗಿ ಇಷ್ಟು ವರ್ಷಕ್ಕೆ ಅಂದು ಗೊತ್ತಾಯಿತು. ಬೇವಿನ ಮರದಲ್ಲಿ ಯಾವುದೋ ಹಕ್ಕಿ ಕೂಗಿತು. ತಲೆಯೊಳಗಿನ ಗದ್ದಲವೂ ತಾನಾಗಿ ಇಳಿಯಿತು. ಖರೆ ಹೇಳುತ್ತೇನೆ, ಅಷ್ಟು ಸುಖ ನನಗೆ ಹಬ್ಬದ ಹೋಳಿಗೆಯಲ್ಲೂ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಯಾರೋ ಭುಜ ಹಿಡಿದರು. ಕಣ್ಣು ತೆರೆದರೆ ಇಡೀ ಓಣಿಯೇ ನನ್ನ ಮುಂದೆ! ಗಂಡಸರ ಹೆಗಲಿಗೆ ಟವೆಲ್, ಹೆಂಗಸರ ಬಾಯಿಗೆ ಸೆರಗು. ಪಕ್ಕದ ಮನೆಯ ಶಂಕ್ರಪ್ಪ ಕಾಕಾ ಕಿವಿಯಲ್ಲಿ, “ಧೈರ್ಯಾ ತಗೋಪಾ. ಹಾರಕ್ಕ ಹೇಳಿ ಕಳಿಸೀನಿ. ಕುಂಡ್ರಸೀರೇನು?” ಎಂದ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ ಹಾರ ಹಾಕುತ್ತೇವೆ. ಕಾಕಾನ ಮಾತು ಆಗ ನನ್ನ ತಲೆಗೆ ಹೋಯಿತು. ಇವರು ಕಂಡದ್ದು ಸುಮ್ಮನೆ ಕೂತಿದ್ದ ನನ್ನನ್ನು, ಮೇಲಕ್ಕೆ ಕಳಿಸಿದ್ದು ನಮ್ಮಪ್ಪನನ್ನು!

ನಾನು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ಅಪ್ಪ ಕಾಣಿಸಿಕೊಂಡ. ಸದ್ದು ನಿಂತದ್ದಕ್ಕೆ ಅವನಿಗೆ ಎಚ್ಚರವಾಗಿತ್ತು. ಮಂದಿಯನ್ನು ನೋಡಿ ಗಾಬರಿಯಿಂದ, “ಯಾರ ಹ್ವಾದ್ರೋ?” ಎಂದು ಕೇಳಿದ. ಗಂಗವ್ವ “ಅಯ್ಯಯ್ಯೋ!” ಎಂದು ಅಲ್ಲೇ ಕುಸಿದು ಕೂತಳು. ಕಾಕಾ ಟವೆಲಿನಿಂದ ಸುಮ್ಮನೆ ಮುಖ ಒರೆಸಿಕೊಂಡ. ಕೊನೆಗೆ ನಾನೇ ಅಪ್ಪನ ಕಿವಿಯಲ್ಲಿ ಕೂಗಿ ಎಲ್ಲವನ್ನೂ ಹೇಳಿದೆ. ಬೈಗುಳಕ್ಕೆ ಬೆನ್ನು ಕೊಟ್ಟು ನಿಂತೆ.

ಅಪ್ಪ ಬೈಯಲಿಲ್ಲ. ನಿಂತ ಮಗ್ಗಗಳ ಕಡೆ ಕಿವಿಗೊಟ್ಟು, “ನೋಡ್ರೋ, ಸತ್ತ ಮ್ಯಾಲೆ ಗ್ವಾಡಿಗೆ ಒರಗಿಸಿ ಕುಂಡ್ರಸ್ತೀರಿ. ಜೀವ ಇದ್ದಾಗ ಒಂದ ತಾಸರ ಕುಂಡ್ರಾಕ ಬಿಟ್ಟೀರೇನು?” ಎಂದ. ಸಾವಿತ್ರಿ ಎಲ್ಲರಿಗೂ ಚಹಾ ಮಾಡಿದಳು. ದುಃಖಕ್ಕೆ ಬಂದವರು ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಹಾರ ತಂದವನಿಗೂ ಒಂದು ಕಪ್ಪು ಕೊಟ್ಟು ಎದ್ದರು. ಮಗ್ಗಗಳು ಮತ್ತೆ ಶುರುವಾದವು. ನನ್ನ ಬಿ.ಪಿ. ಅಂದು ಎಷ್ಟಿತ್ತೋ, ನೋಡಿಸುವ ಧೈರ್ಯವಾಗಲಿಲ್ಲ.

ಮರುದಿನ ಬೆಳಿಗ್ಗೆ ಕಟ್ಟೆಗೆ ಬಂದೆ. ನನ್ನ ಜಾಗದಲ್ಲಿ ಅಪ್ಪ ಗೋಡೆಗೆ ಒರಗಿ ಕೂತಿದ್ದ. ಹಣೆಯ ತುಂಬ ವಿಭೂತಿ, ಕಣ್ಣು ಮುಚ್ಚಿದೆ, ಅಲುಗಾಟವಿಲ್ಲ. “ಅಪ್ಪಾ!” ಎಂದೆ. ಓಣಿಯವರಿಗೆ ಬುದ್ಧಿಯಿಲ್ಲವೆಂದು ಹಿಂದಿನ ದಿನವೆಲ್ಲ ಬೈದಿದ್ದ ನಾನೇ ಓಡಿ ಹೋಗಿ, ಬೆರಳನ್ನು ಅವನ ಮೂಗಿನ ಕೆಳಗೆ ಹಿಡಿದೆ.

ಅಪ್ಪ ಒಂದೇ ಕಣ್ಣು ತೆರೆದ.

“ಇನ್ನೂ ಐತಿ, ಕೈ ತಗೀಲೇ” ಎಂದು ಪಕ್ಕಕ್ಕೆ ಸರಿದು ಜಾಗ ಬಿಟ್ಟ.