ಪಕ್ಕದ ಡಬ್ಬವನ್ನು ನಂಬದ ಮಾವ

ನಮ್ಮ ಮಾವ ಯಾರನ್ನಾದರೂ ಪೂರ್ತಿ ನಂಬಿದ್ದಾನೆಂದು ಯಾರಾದರೂ ಸಾಬೀತು ಮಾಡಿದರೆ, ನನ್ನ ಡೈರಿಗಳನ್ನೆಲ್ಲ ಅವರ ಹೆಸರಿಗೆ ಬರೆದುಕೊಡಲು ನಾನು ಸಿದ್ಧ. ಯಾರನ್ನಾದರೂ ಅನ್ನುವುದರಲ್ಲಿ ಅವನ ಕೈಗಡಿಯಾರವೂ ಸೇರಿದೆ. ಮಾವ ಎಡಗೈಗೊಂದು, ಬಲಗೈಗೊಂದು ಗಡಿಯಾರ ಕಟ್ಟುತ್ತಾನೆ. ಒಂದು ಸುಳ್ಳು ಹೇಳಿದರೆ ಇನ್ನೊಂದು ಹಿಡಿದುಕೊಡಬೇಕು. ಎರಡೂ ಸೇರಿಕೊಂಡು ಸುಳ್ಳು ಹೇಳಿದರೆ? ಅದನ್ನೂ ಕೇಳಿ ನೋಡಿದ್ದೇನೆ.

"ಎರಡೂ ಬೇರೆ ಬೇರೆ ಅಂಗಡೀಲಿ ತಕ್ಕಂಡಿದ್ದು ಪಾಪಾ. ಒಂದಕ್ಕೊಂದು ಪರಿಚಯ ಇಲ್ಲ" ಅಂದ.

ಪಾಪ ಅಂದರೆ ನಾನು. ಡಿಪ್ಲೊಮಾ ಮುಗಿಸಿ, ಮಾವ ಕೆಲಸ ಮಾಡುವ ಬಂಗಾರಪೇಟೆಯ ಇಂಟರ್ನೆಟ್ ಆಫೀಸಿಗೇ ಸೇರಿದ್ದೇನೆ. ಆದರೂ ಅಮ್ಮನ ತಮ್ಮನಿಗೆ ನಾನು ಇನ್ನೂ ಪಾಪನೇ. ನನಗೆ ದಿನವೂ ನಡೆದದ್ದನ್ನು ತಾರೀಕು, ವೇಳೆ ಸಹಿತ ಬರೆದಿಡುವ ಚಟ. ಕೆಲಸಕ್ಕೆ ಸೇರಿದ ಮೇಲೆ ಮಾವನ ಅನುಮಾನಗಳಿಗೆಂದೇ ಪುಟದ ಬಲಗಡೆ ಒಂದು ಗೆರೆ ಎಳೆದಿದ್ದೇನೆ. ಮೊದಲ ತಿಂಗಳು ಮಾವ ಅನುಮಾನಪಟ್ಟದ್ದು ಮೂವತ್ತೊಂದು ಸಲ. ಅನುಮಾನ ನಿಜವಾದದ್ದು ಎರಡು ಸಲ. ಒಂದು, ಪಪ್ಪಾಯಿ ಹಣ್ಣಾಗಿಲ್ಲ ಅಂದದ್ದು. ಇನ್ನೊಂದು, ಹಣ್ಣಾಗಿದೆ ಅಂತ ನಾನು ಹೇಳಿದಾಗ ನನ್ನನ್ನು ನಂಬದೇ ಇದ್ದದ್ದು.

ನಾವಿಬ್ಬರೂ ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನವರು. ಸಂಜೆ ಬಂಗಾರಪೇಟೆಯಿಂದ, ನಮ್ಮೂರ ಮೇಲೆ ಹೋಗುವ ಮಾರಿಕುಪ್ಪಂ ರೈಲು ಹಿಡಿಯುತ್ತೇವೆ. ರೈಲಿನ ಮೇಲೆ ಬರೆದಿರುತ್ತದೆ, ಮೈಕಿನಲ್ಲಿ ಕೂಗುತ್ತಾರೆ. ಅದು ಸಾಲದೆ ಮಾವ ಇಪ್ಪತ್ತು ವರ್ಷದಿಂದ ಅದೇ ರೈಲು ಹತ್ತುತ್ತಿದ್ದಾನೆ. ಇಷ್ಟಾದರೂ ಹತ್ತುವ ಮೊದಲು ಮೂರು ಜನರನ್ನು ಕೇಳಲೇಬೇಕು. ಒಂದು ಬುಧವಾರ ಇಬ್ಬರು ಹೌದೆಂದರು. ಮೂರನೆಯವರು ಟೀ ಮಾರುವವರು. "ಮಾರಿಕುಪ್ಪಂಗೆ ಓಗುತ್ತಾ? ಅಲ್ಲೇ ನಿಲ್ಲುತ್ತಾ?" ಅಂತ ಮಾವ ಕೇಳಿದ.

ಅವರು ಕೆಟಲ್ ಕೆಳಗಿಟ್ಟು, "ಅದುಕ್ಕು ಅಪ್ಪುರಂ ತಂಡವಾಳಮೇ ಇಲ್ಲೆ ಸಾರ್" ಅಂದರು. ಅಲ್ಲಿಂದಾಚೆಗೆ ಹಳಿಯೇ ಇಲ್ಲ!

ರೈಲು ಹತ್ತಿ ಕೂತ ಮೇಲೆ ಮಾವ ನನ್ನ ಕಿವಿಯಲ್ಲಿ, "ಅವ್ನು ಏನ್ಕೆ ಅಷ್ಟು ಗಟ್ಟಿಯಾಗಿ ಯೋಳ್ದ?" ಅಂದ. ಬಲಗಡೆಯ ಗೆರೆಯ ಪಕ್ಕ ಇನ್ನೊಂದು ಗುರುತು ಹಾಕಿದೆ.

ಇಂಥವನ ಕೈಗೆ ನಮ್ಮ ಓನರು ಹೊಸ ಫೈರ್‌ವಾಲ್ ಕೊಟ್ಟರು. ಫೈರ್‌ವಾಲ್ ಅಂದರೆ ಹೆಬ್ಬಾಗಿಲಿನ ಕಾವಲುಗಾರ. ಒಳಗೆ ಬರುವುದನ್ನೂ ಹೊರಗೆ ಹೋಗುವುದನ್ನೂ ತಡೆದು ನೋಡುವ ಕಪ್ಪು ಡಬ್ಬ. ಯಾವ ಊರಿನ ಇಂಟರ್ನೆಟ್ ಯಾವ ಕೇಬಲ್‌ನಲ್ಲಿ ಹೋಗಬೇಕೆಂಬ ದಾರಿಯನ್ನೂ ಅದಕ್ಕೆ ಹೇಳಿಕೊಡಬೇಕು. ನಮ್ಮ ಕೇಬಲ್ ಬಂಗಾರಪೇಟೆಯಿಂದ ಒಂದು ಕಡೆ ಕ್ಯಾಸಂಬಳ್ಳಿಗೆ, ಇನ್ನೊಂದು ಕಡೆ ಮಾರಿಕುಪ್ಪಂಗೆ ಹೋಗುತ್ತದೆ. ಆ ಎರಡು ಊರುಗಳ ನಡುವೆಯೂ ಒಂದು ಕೇಬಲ್ ಇದೆ. ಎರಡು ಕಡೆಯೂ ಒಂದೊಂದು ಡಬ್ಬ. ಇಲ್ಲಿಯವರೆಗೆ ದಾರಿಗಳನ್ನೆಲ್ಲ ಮಾವನೇ ಒಂದೊಂದಾಗಿ ಕೈಯಾರೆ ಬರೆಯುತ್ತಿದ್ದ. ಜೆಸಿಬಿಯವರು ರಸ್ತೆ ಅಗೆದು ಕ್ಯಾಸಂಬಳ್ಳಿ ಕೇಬಲ್ ಕಿತ್ತರೆ, ಮಾವ ಬಂದು ಮಾರಿಕುಪ್ಪಂ ಮೇಲೆ ಸುತ್ತಿಬರುವ ದಾರಿ ಬರೆಯುವವರೆಗೆ ಕ್ಯಾಸಂಬಳ್ಳಿಗೆ ಇಂಟರ್ನೆಟ್ ಇಲ್ಲ. ನನ್ನ ಡೈರಿಯ ಪ್ರಕಾರ ಆರು ತಿಂಗಳಲ್ಲಿ ಒಂಬತ್ತು ಸಲ ಹೀಗಾಗಿತ್ತು. ಅದರಲ್ಲಿ ಐದು ಸಲ ಹಾಲು ಹಾಕುವ ಹೊತ್ತಿನಲ್ಲೇ. ಅಲ್ಲಿನ ಹಾಲಿನ ಸೊಸೈಟಿಯ ಯಂತ್ರ ಇಂಟರ್ನೆಟ್ ಇಲ್ಲದಿದ್ದರೆ ಚೀಟಿ ಕೊಡುವುದಿಲ್ಲ. ಚೀಟಿ ಸಿಗದವರೆಲ್ಲ ಕ್ಯಾನ್ ಹಿಡಿದುಕೊಂಡು ಸಾಲಾಗಿ ನಿಂತು, ಸರದಿಯಂತೆ ನಮ್ಮ ಓನರಿಗೆ ಫೋನ್ ಮಾಡುತ್ತಾರೆ.

ಅದಕ್ಕೇ ಓನರು ಹೇಳಿದ್ದು: "ಈ ಹೊಸ ಡಬ್ಬದಲ್ಲಿ ದಾರಿ ಬರಿಯೋದೇ ಬ್ಯಾಡ. ಡಬ್ಬಗಳು ಒಂದಕ್ಕೊಂದು ಮಾತಾಡ್ಕೊತವೆ. ನನ್ನ ಹತ್ರ ಈ ದಾರಿ ಐತೆ, ನಿನ್ನ ಹತ್ರ ಯಾವುದೈತೆ ಅಂತ. ಒಂದು ದಾರಿ ಕಿತ್ತೋದ್ರೆ ಇನ್ನೊಂದು ಅವೇ ಉಡುಕ್ಕೊತವೆ."

ಮಾವನ ಮುಖ ನೋಡಬೇಕಿತ್ತು.

"ಅಂದ್ರೆ, ಪಕ್ಕದ ಡಬ್ಬ ಯೋಳಿದ್ದನ್ನ ಈ ಡಬ್ಬ ನಂಬ್ಬೇಕಾ ಸಾ?"

"ಊನಯ್ಯ."

"ಪಕ್ಕದ ಡಬ್ಬಕ್ಕೆ ಯಾರು ಯೋಳಿದ್ದು?"

"ಅದರ ಪಕ್ಕದ್ದು."

"ನೋಡಿದ್ರಾ ಸಾ, ಇದು ನಮ್ ಬೀದಿ ನೀರಿನ ನಲ್ಲಿ ಅತ್ರ ನಡಿಯೋ ಗಾಳಿಮಾತು ಇದ್ದಂಗೈತೆ. ಇದನ್ನ ನಂಬ್ಕಂಡು ಊರಿಗೆ ದಾರಿ ತೋರ್ಸೋದಾ?"

ಓನರು ನಗಲಿಲ್ಲ. "ಸೋಮವಾರ ಬೆಳಿಗ್ಗೆ, ಹಾಲು ಹಾಕೋ ಹೊತ್ತಲ್ಲೇ ನಾನೇ ಕ್ಯಾಸಂಬಳ್ಳಿ ಕೇಬಲ್ ಕೀಳ್ತೀನಿ. ಒಂದು ಟೀ ಕುಡಿಯೋದ್ರೊಳಗೆ ತಾನಾಗೇ ವಾಪಸ್ ಬರಬೇಕು. ಬರಲಿಲ್ಲ ಅಂದ್ರೆ ಕೆಲಸ ಬೆಂಗಳೂರು ಕಂಪನಿಗೆ, ನೀನು ಮನೆಗೆ" ಅಂದರು.

ಮಾವನಿಗೆ ಐವತ್ತು ದಾಟಿದೆ. ಕೇಬಲ್ ಬಿಟ್ಟು ಬೇರೆ ಕೆಲಸ ಗೊತ್ತಿಲ್ಲ. ಆ ದಿನ ನಾನು ಗೆರೆಯ ಪಕ್ಕ ಏನೂ ಬರೆಯಲಿಲ್ಲ.

ಕೆಲಸ ಶುರುವಾದದ್ದು ಗುರುವಾರ. ಎರಡು ಡಬ್ಬಗಳು ಮಾತು ಶುರು ಮಾಡುವ ಮೊದಲು ಎರಡಕ್ಕೂ ಒಂದೇ ಗುಟ್ಟಿನ ಪದ ಗೊತ್ತಿರಬೇಕು. ಪೂರ್ತಿ ಪದ ನಮ್ಮಿಬ್ಬರಲ್ಲಿ ಒಬ್ಬರಿಗೇ ಗೊತ್ತಿರಬಾರದೆಂದು ಮಾವನ ಹಟ. ಅರ್ಧ ಅವನು ಬರೆಯುವಾಗ ನಾನು ಗೋಡೆ ನೋಡಬೇಕು. ಉಳಿದರ್ಧ ನಾನು ಬರೆಯುವಾಗ ಅವನು ಗೋಡೆ ನೋಡುತ್ತಾನೆ. ಆಫೀಸಿನ ಗೋಡೆಯಲ್ಲಿ ಎಷ್ಟು ಬಿರುಕುಗಳಿವೆ ಎಂದು ಈಗ ನನಗೆ ಲೆಕ್ಕ ಗೊತ್ತು. ಹದಿನಾಲ್ಕು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಆಫೀಸಿನಲ್ಲೇ ಕೂತು ಎರಡು ಕಡೆಯ ಡಬ್ಬಕ್ಕೂ ನಾಲ್ಕು ಸಲ ಬರೆದೆವು. ಡಬ್ಬಗಳು ಮುಖ ಕೊಟ್ಟು ಮಾತಾಡಲಿಲ್ಲ.

"ಮಾವ, ನಿನ್ನರ್ಧ ಎರಡು ಕಡೆಯೂ ಒಂದೇ ಬರ್ದಿದ್ದೀಯ ತಾನೆ?"

"ಒಂದೇ ಬರ್ದಿದೀನಿ."

"ಮತ್ತೆ?"

ಮಾವ ಎಡಗಡಿಯಾರ ನೋಡಿದ, ಬಲಗಡಿಯಾರ ನೋಡಿದ. "ನೀನು ಬರ್ದು ಎದ್ದೋದ್ಮೇಲೆ, ಈ ಕಡೆ ಕೊನೇಲಿ ಒಂದಕ್ಷರ ಸೇರಿಸ್ದೆ. ನಿನ್ ಮೇಲೆ ಅನುಮಾನ ಅಂತಲ್ಲ ಪಾಪಾ. ಸುಮ್ನೆ ಒಂದ್ ಧೈರ್ಯಕ್ಕೆ."

ಆ ಅಕ್ಷರ ಯಾವುದೆಂದು ಕೊನೆಗೂ ಹೇಳಲಿಲ್ಲ. ನಾನು ಗೋಡೆ ನೋಡುತ್ತಿದ್ದಾಗ ತಾನೇ ಅಳಿಸಿದ. ಡಬ್ಬಗಳು ಮಾತಾಡಿದವು.

ಶುಕ್ರವಾರ, ಶನಿವಾರ ಇನ್ನೊಂದು ಪಟ್ಟಿಯ ಕೆಲಸ. ಯಾವ ಡಬ್ಬದಿಂದ ಯಾವ ದಾರಿಯ ಸುದ್ದಿ ಬಂದರೆ ಒಪ್ಪಬೇಕು, ಯಾವುದನ್ನು ತಳ್ಳಬೇಕು ಅನ್ನುವ ಪಟ್ಟಿ. ಅದು ಬೇಕಾದ್ದೇ, ಇಲ್ಲದಿದ್ದರೆ ಯಾರು ಬೇಕಾದರೂ ಏನು ಬೇಕಾದರೂ ಹೇಳಿ ಮನೆ ಹಾಳು ಮಾಡಬಹುದು. ಆದರೆ ಮಾವ ಆ ಪಟ್ಟಿಯನ್ನು ನನಗೆ ತೋರಿಸಲೇ ಇಲ್ಲ. ನಾನು ಹತ್ತಿರ ಹೋದಾಗಲೆಲ್ಲ ಪರದೆ ಮುಚ್ಚುತ್ತಿದ್ದ. ಶನಿವಾರ ಒಂದೇ ದಿನ ಏಳು ಸಲ. ನನಗೂ ಅನುಮಾನ ಅಂಟಿಕೊಂಡಿತು. ರಕ್ತಸಂಬಂಧ ನೋಡಿ!

ಭಾನುವಾರ ಮಧ್ಯಾಹ್ನ ಆಫೀಸಿನಲ್ಲಿ ನಾವಿಬ್ಬರೇ. ಸೊಸೈಟಿ ಮುಚ್ಚಿರುವ ಹೊತ್ತು. ಒಂದು ಸಲ ನಾವೇ ಕಿತ್ತು ನೋಡೋಣವೆಂದು ಕ್ಯಾಸಂಬಳ್ಳಿ ಕೇಬಲ್ ಎಳೆದೆ. ಟೀ ತರಿಸಿದೆವು, ಕುಡಿದೆವು, ಲೋಟ ಒಣಗಿತು. ಕ್ಯಾಸಂಬಳ್ಳಿ ವಾಪಸ್ ಬರಲಿಲ್ಲ. ಮಾವ ಕೈ ತೊಳೆಯಲು ಹೋದಾಗ ನಾನು ಆ ಪಟ್ಟಿ ತೆರೆದೆ. ಮಾರಿಕುಪ್ಪಂ ಡಬ್ಬ, "ಕ್ಯಾಸಂಬಳ್ಳಿಗೆ ನನ್ನ ಮೂಲಕ ದಾರಿ ಇದೆ" ಎಂದು ಒಂದೇ ಸಮನೆ ಹೇಳುತ್ತಿದೆ. ನಮ್ಮ ಫೈರ್‌ವಾಲ್ ಅದನ್ನು ಒಂದೇ ಸಮನೆ ತಳ್ಳುತ್ತಿದೆ. ಯಾಕೆಂದರೆ ಮಾವನ ಪಟ್ಟಿಯಲ್ಲಿ ಎರಡೇ ಸಾಲು. ಮಾರಿಕುಪ್ಪಂ ಮಾರಿಕುಪ್ಪಂ ವಿಷಯ ಮಾತ್ರ ಹೇಳಬೇಕು. ಕ್ಯಾಸಂಬಳ್ಳಿ ಕ್ಯಾಸಂಬಳ್ಳಿ ವಿಷಯ ಮಾತ್ರ.

"ಬೇಕೂಂತಲೇ ಹಿಂಗೆ ಬರ್ದಿದ್ದೀಯ ಅಲ್ವಾ ಮಾವ? ಇದು ಕೆಲಸ ಮಾಡಲ್ಲ ಅಂತ ಓನರಿಗೆ ತೋರ್ಸೋಕೆ?"

"ಬೇಕೂಂತಲೇ ಬರ್ದಿದೀನಿ. ತೋರ್ಸೋಕಲ್ಲ" ಅಂತ ಮಾವ ಒದ್ದೆ ಕೈ ಪ್ಯಾಂಟಿಗೆ ಒರೆಸಿಕೊಂಡು ಕೂತ. "ಒಬ್ಬನ ಪರವಾಗಿ ಇನ್ನೊಬ್ಬ, ಅವ್ನು ಇಲ್ಲಿದಾನೆ ಅನ್ನಬಾರದು ಪಾಪಾ."

ಗಣಿ ಮುಚ್ಚುವ ಮೊದಲಿನ ಕೊನೆಯ ವರ್ಷಗಳಲ್ಲಿ ಮಾವ ಚಾಂಪಿಯನ್ ರೀಫ್ಸ್‌ನ ಒಂದು ಶಾಫ್ಟ್‌ನಲ್ಲಿ, ಅಂದರೆ ಗಣಿಗೆ ಇಳಿಯುವ ಬಾವಿಯಲ್ಲಿ, ಕೆಳಗಿನ ಫೋನ್ ಲೈನ್ ನೋಡಿಕೊಳ್ಳುತ್ತಿದ್ದ ಅನ್ನುವುದಷ್ಟೇ ನನಗೆ ಗೊತ್ತಿತ್ತು. ಉಳಿದದ್ದನ್ನು ಆ ಮಧ್ಯಾಹ್ನ ಹೇಳಿದ. ಕೆಳಗೆ ಇಳಿಯುವವರೆಲ್ಲ ಮೇಲಿನ ಹಲಗೆಯ ಮೊಳೆಯಿಂದ ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಹೋಗಬೇಕು. ಮೇಲೆ ಬಂದವರು ವಾಪಸ್ ನೇತುಹಾಕಬೇಕು. ಮೊಳೆಗಳೆಲ್ಲ ತುಂಬಿದರೆ ಎಲ್ಲರೂ ಮೇಲೆ ಬಂದರೆಂದು ಲೆಕ್ಕ. ಒಂದು ದಿನ ಸೆಕೆ ತಾಳದೆ ಮಾವ ಅಂಗಿ ಬಿಚ್ಚಿಟ್ಟು ಒಳಗಿನ ಲೈನ್ ನೋಡಲು ಹೋದ. ಜೊತೆಗಾರನೊಬ್ಬ ಅಂಗಿ ನೋಡಿ, ಹುಡುಗ ಮರೆತು ಮೇಲೆ ಹೋಗಿದ್ದಾನೆಂದುಕೊಂಡ. ಅಂಗಿಯನ್ನು ಮೇಲಕ್ಕೆ ತಂದ. ಜೇಬಿನಲ್ಲಿದ್ದ ಬಿಲ್ಲೆಯನ್ನು ಮೊಳೆಗೆ ಹಾಕಿದ. ಒಳ್ಳೆಯ ಮನಸ್ಸಿನಿಂದಲೇ ಹಾಕಿದ. ಎಲ್ಲರೂ ಬಂದರೆಂದು, ಜನರನ್ನು ಮೇಲೆ ತರುವ ಕೇಜನ್ನು ನಿಲ್ಲಿಸಿದರು.

"ನಾನು ಕೆಳಗಿಂದ ಫೋನ್ ಮಾಡ್ದೆ. ನಾನ್ ಇಲ್ಲೇ ಇದೀನಿ ಅಂದೆ. ಮೇಲೆ ಫೋನ್ ಎತ್ತಿದೋನು, ನಿನ್ ಬಿಲ್ಲೆ ಮೇಲೈತೆ, ಯಾವನ್ಲಾ ಅದು ಆಟ ಆಡೋನು ಅಂತ ಇಟ್ಬುಟ್ಟ. ಹನ್ನೊಂದು ಸಲ ಮಾಡ್ದೆ ಪಾಪಾ. ಲೈನ್ ಚೆನ್ನಾಗೇ ಇತ್ತು, ನಾನೇ ಸರಿ ಮಾಡಿದ್ ಲೈನು. ನಂಬೋರು ಇರಲಿಲ್ಲ."

"ಆಮೇಲೆ?"

"ನಿಮ್ಮಮ್ಮ ಬಂದ್ಲು. ತಮ್ಮ ಮನೆಗೆ ಬಂದಿಲ್ಲ ಅಂತ ಗೇಟತ್ರ ನಿಂತ್ಲಂತೆ. ಬಿಲ್ಲೆ ತೋರ್ಸಿದ್ರು. ಆ ಮೊಳೇಗೆ ನೇತಾಕಿರೋದು ನನ್ ತಮ್ಮನಾ ಅಂತ ಕೇಳಿದ್ಲಂತೆ. ಕೇಜು ಕಳ್ಸೋವರ್ಗೂ ಗೇಟು ಬಿಡಲಿಲ್ಲ."

ಅಮ್ಮ ಇದನ್ನು ನನಗೆ ಒಮ್ಮೆಯೂ ಹೇಳಿರಲಿಲ್ಲ. ನಾನು ಎದ್ದು, ಕಿತ್ತಿದ್ದ ಕೇಬಲನ್ನು ವಾಪಸ್ ಸಿಕ್ಕಿಸಿದೆ. ಆಮೇಲೆ ಕೇಳಿದೆ:

"ಮಾವ, ಅಮ್ಮ ಮೇಲಿದ್ಲು, ನೀನು ಕೆಳಗಿದ್ದೆ. ಅಲ್ಲಿದಾನೆ ಅಂತ ನಿನ್ನ ಪರವಾಗಿ ಹೇಳಿದ್ದು ಇನ್ನೊಬ್ಬರೇ ತಾನೆ?"

ಮಾವ ನನ್ನನ್ನೇ ನೋಡಿದ. ಅನುಮಾನದಿಂದ ನೋಡಿದನೆಂದು ಬರೆಯಬಹುದಿತ್ತು, ಆದರೆ ಅದಲ್ಲ. ಕುರ್ಚಿಯನ್ನು ಪರದೆಯ ಮುಂದಕ್ಕೆ ಎಳೆದುಕೊಂಡು, ಒಂದೊಂದೇ ಅಕ್ಷರ ಒತ್ತಿ, ಪಟ್ಟಿಗೆ ಮೂರನೆಯ ಸಾಲು ಸೇರಿಸಿದ. ಕ್ಯಾಸಂಬಳ್ಳಿಯ ಪರವಾಗಿ ಮಾರಿಕುಪ್ಪಂ ಹೇಳಿದರೂ ಒಪ್ಪಬೇಕು. ಈ ಸಲ ನನ್ನನ್ನು ಗೋಡೆ ನೋಡಲು ಹೇಳಲಿಲ್ಲ.

"ಇನ್ನೊಂದ್ಸಲ ಕಿತ್ತು ನೋಡೋಣ್ವಾ?" ಅಂದೆ.

"ನಾಳೆ ಅವ್ರೇ ಕೀಳ್ಲಿ" ಅಂತ ಎದ್ದುಹೋದ.

ಸೋಮವಾರ ಬೆಳಿಗ್ಗೆ ಮಾವ ರೈಲಿಗೆ ಬರಲಿಲ್ಲ. ಆಫೀಸಿನಲ್ಲೂ ಇಲ್ಲ. ಫೋನ್ ಎತ್ತಲಿಲ್ಲ. ಓನರು ಟೀ ಲೋಟ ಮೇಜಿನ ಮೇಲಿಟ್ಟು, "ಎಲ್ಲಿ ಕಣಮ್ಮ ನಿಮ್ ಮಾವ? ಓಡೋದ್ನಾ?" ಅಂದರು. ನನಗೂ ಅದೇ ಅನುಮಾನವಿತ್ತು. ಅವರು ಕೇಬಲ್ ಕಿತ್ತರು. ಪರದೆಯಲ್ಲಿ ಕ್ಯಾಸಂಬಳ್ಳಿ ಕೆಂಪಾಯಿತು. ಓನರು ಟೀಯನ್ನು ಎರಡು ಗುಟುಕು ಕುಡಿದರು. ಮೂರನೆಯದಕ್ಕೆ ಲೋಟ ಎತ್ತುವಾಗ ಹಸಿರಾಯಿತು.

"ಬಂತು ನೋಡು" ಅಂದರು ಓನರು, ತಾವೇ ಬರೆದವರಂತೆ.

ಆಗ ನನ್ನ ಫೋನ್ ಹೊಡೆದುಕೊಂಡಿತು. ಮಾವ.

"ಪಾಪಾ, ಕ್ಯಾಸಂಬಳ್ಳಿ ಸೊಸೈಟೀಲಿದೀನಿ. ಬೆಳಿಗ್ಗೆ ಮೊದಲ ಬಸ್‌ಗೇ ಬಂದೆ. ಅಲ್ಲಿ ಪರದೆ ಏನಾರ ಯೋಳ್ಲಿ, ಇಲ್ಲಿ ಚೀಟಿ ಬತ್ತದಾ ಅಂತ ಒಬ್ರು ನಿಂತ್ಕಂಡು ನೋಡ್ಬೇಕಲ್ಲ. ನಿಂತೋಯ್ತು, ಆಮೇಲೆ ತಾನಾಗೇ ಬಂತು. ಚೀಟಿ ಬತ್ತಾ ಐತೆ."

"ಸರಿ ಮಾವ. ಓನರಿಗೆ ಹೇಳ್ತೀನಿ."

"ನಿಜ್ವಾಗ್ಲೂ ಇಲ್ಲೇ ಇದೀನಿ ಕಣೆ. ಬೇಕಾದ್ರೆ ಇಲ್ಲಿರೋರ ಕೈಲಿ ಮಾತಾಡಿಸ್ತೀನಿ, ಇರು."

"ಬೇಡ ಮಾವ. ನೀನಂದ್ರೆ ಸಾಕು."

ಹಾಲಿನ ಕ್ಯಾನುಗಳ ಸದ್ದಿನ ನಡುವೆ, ಮಾವ ಯಾರಿಗೋ "ಬ್ಯಾಡ ಬಿಡಿ" ಅಂದದ್ದು ಕೇಳಿಸಿತು. ಆಮೇಲೆ ನನಗೆ, "ಸರಿ, ಬತ್ತೀನಿ" ಅಂದ.